ಬೆಂಗಳೂರಲ್ಲಿದ್ಕೊಂಡೇ ಬೈಂದೂರು ಕಡೆ ಮನೆ ತಗೊಂಡ್ವಿ – ನನ್ನ ಅನುಭವ

ನಮ್ಮ ಬಜೆಟ್ಟಿಗೆ ನಾಗರಬಾವಿ ಕಡೆ ಹಳೇ 2 ಬಿಎಚ್‌ಕೆ ಫ್ಲಾಟೂ ಸಿಗ್ತಿರ್ಲಿಲ್ಲ, ಅದೇ ದುಡ್ಡಿಗೆ ಕುಂದಾಪುರ ಬೈಂದೂರು ಮಧ್ಯೆ ಕೆಂಪುಕಲ್ಲಿನ ಮನೆ, ಬಾವಿ, ಒಂದಷ್ಟು ತೆಂಗಿನಮರ ಎಲ್ಲಾ ಸೇರಿ ಸಿಕ್ತು. ಇಬ್ರಿಗೂ ವರ್ಕ್ ಫ್ರಮ್ ಹೋಮ್ ಇರೋದ್ರಿಂದ ಈಗ ಅರ್ಧ ತಿಂಗಳು ಅಲ್ಲಿ, ಅರ್ಧ ಇಲ್ಲಿ. ಹೇಗೆ ಮಾಡಿದ್ರಿ ಅಂತ ಆಫೀಸಲ್ಲಿ ತುಂಬಾ ಜನ ಕೇಳ್ತಿರ್ತಾರೆ, ಅದಕ್ಕೇ ಬರೀತಿದೀನಿ.

ಮೊದಲು ಅಲ್ಲೇ ಬಾಡಿಗೆಗೆ ಇರಿ, ಅದೂ ಮಳೆಗಾಲದಲ್ಲಿ. ಡಿಸೆಂಬರಲ್ಲಿ ಮರವಂತೆಗೆ ಹೋದ್ರೆ ಹೈವೇ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ಅವತ್ತೇ ಅಡ್ವಾನ್ಸ್ ಕೊಟ್ಟುಬಿಡೋಣ ಅನ್ಸುತ್ತೆ. ಜುಲೈನಲ್ಲಿ ಬಟ್ಟೆ ಒಣಗಲ್ಲ, ಕರೆಂಟು ಹೋದ್ರೆ ಯಾವಾಗ ಬರುತ್ತೋ ಗೊತ್ತಿಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರೋದ್ರಿಂದ ಮೀನಿಗೂ ಡಬಲ್ ರೇಟು. ಇದನ್ನೆಲ್ಲಾ ನೋಡಿದ್ಮೇಲೂ ಇಷ್ಟ ಆದ್ರೆ ಮುಂದಿನ ಮಾತು.

ಇನ್ನು ಬಾವಿ. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ. ನಮಗೆ ಬಾಡಿಗೆಗೆ ಕೊಟ್ಟ ಅಮ್ಮ "ಹ್ವಾಯ್, ಏಪ್ರಿಲಲ್ಲ್ ಬಂದ್ ನೀರ್ ಕುಡ್ದ್ ಕಾಣಿ" ಅಂದಿದ್ರು. ಹಾಗೇ ಮಾಡಿದ್ವಿ. ಮಳೆಗಾಲ ಮುಗಿದಾಗ ಸಿಹಿಯಾಗಿದ್ದ ಎಷ್ಟೋ ಬಾವಿಗಳು ಬೇಸಿಗೆಗೆ ಉಪ್ಪುಪ್ಪು, ಯಾಕಂದ್ರೆ ಒಳಗಿನ ಸಿಹಿನೀರು ಕಮ್ಮಿ ಆದಂಗೆ ಸಮುದ್ರದ ನೀರು ನೆಲದೊಳಗಿಂದ ಒತ್ಕೊಂಡು ಬರುತ್ತೆ, ಅಕ್ಕಪಕ್ಕ ಬೋರ್‌ವೆಲ್ಲಲ್ಲಿ ಜಾಸ್ತಿ ಎಳೆದ್ರೆ ಇನ್ನೂ ಬೇಗ. ಸಮುದ್ರ ಕಾಣೋ ಎರಡು ಮನೆ ಬಿಟ್ಟಿದ್ದು ಇದೇ ಕಾರಣಕ್ಕೆ, ಬೇಜಾರಂತೂ ಆಯ್ತು.

ಸಿಆರ್‌ಝಡ್, ಅಂದ್ರೆ ಕಟ್ಟಡ ಕಟ್ಟೋಕೆ ನಿರ್ಬಂಧ ಇರೋ ಕರಾವಳಿ ನಿಯಂತ್ರಣ ವಲಯ, ಇದರ ಬಗ್ಗೆ ಬ್ರೋಕರ್ ಮಾತು ನಂಬ್ಬೇಡಿ. 2019ರ ಅಧಿಸೂಚನೆ ಪ್ರಕಾರ ಜನಸಾಂದ್ರತೆ ಕಮ್ಮಿ ಇರೋ ಹಳ್ಳಿ ಕಡೆ ಭರತದ ಗೆರೆಯಿಂದ (ಉಬ್ಬರದಲ್ಲಿ ನೀರು ಮೇಲೆ ಬರೋ ಗಡಿ) 200 ಮೀಟರ್ ಒಳಗೆ ಹೊಸ ಮನೆ ಕಟ್ಟೋ ಹಾಗಿಲ್ಲ, ಸಾಂದ್ರತೆ ಜಾಸ್ತಿ ಇರೋ ಕಡೆ, ಅಂದ್ರೆ ಚದರ ಕಿಮೀಗೆ 2161ಕ್ಕಿಂತ ಮೇಲೆ, ಅದು 50 ಮೀಟರ್. ಅದರೊಳಗೆ ಅಧಿಕೃತವಾಗಿ ಇರೋ ಹಳೇ ಮನೆ ರಿಪೇರಿ ಮಾಡ್ಬಹುದು, ಆದ್ರೆ ಅಡಿಪಾಯ ದೊಡ್ಡದು ಮಾಡಂಗಿಲ್ಲ. ಉಬ್ಬರ ಇಳಿತ ಇರೋ ನದಿ ದಡಕ್ಕೂ ಸಿಆರ್‌ಝಡ್ ಇದೆ, "ರಿವರ್ ವ್ಯೂ, ಏನೂ ತೊಂದ್ರೆ ಇಲ್ಲ ಸಾರ್" ಅಂದ್ರೂ ಸರ್ವೆ ನಂಬರ್ ಹಿಡ್ಕೊಂಡು ಮ್ಯಾಪ್ ನೋಡಿಸಿ.

ಕಾಗದಪತ್ರದಲ್ಲಿ ಪಹಣಿ, ಕನ್ವರ್ಶನ್, ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆ ಇ-ಸ್ವತ್ತಿನ ಫಾರ್ಮ್ 9 ಮತ್ತು 11, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಇಸಿ (ಋಣಭಾರ ಪತ್ರ), ಇದೆಲ್ಲಾ ಮಾಮೂಲಿ. ಕಷ್ಟ ಇರೋದು ವಾರಸುದಾರರದ್ದು. ನಮ್ಮ ಮನೆಗೇ ಹಕ್ಕುದಾರರು ಮುಂಬೈಲಿ, ದುಬೈಲಿ, ಮಂಗಳೂರಲ್ಲಿ ಹಂಚಿಹೋಗಿದ್ರು, ಹೆಣ್ಣುಮಕ್ಕಳ ಸಹಿ ಸೇರಿ ಎಲ್ಲರದ್ದೂ ಆಗೋವರೆಗೂ ನಮ್ಮ ವಕೀಲರು ಅಡ್ವಾನ್ಸ್ ಕೊಡೋಕೆ ಬಿಡ್ಲೇ ಇಲ್ಲ, ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಮ್ಮಿ.

ಕಟ್ಟಡ ನೋಡುವಾಗ ತಲೆ ಎತ್ತಿ ಆರ್‌ಸಿಸಿ ಕೆಳಭಾಗ ನೋಡಿ. ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತೆ, ಆಗ ಕಂಬಿ ಉದ್ದಕ್ಕೂ ಕಂದು ಗೆರೆ ಬರುತ್ತೆ, ಕೋಲಲ್ಲಿ ತಟ್ಟಿದ್ರೆ ಟೊಳ್ಳು ಶಬ್ದ. ನಮ್ಮದು ಹೆಂಚಿನ ಮಾಡು, ಪ್ರತಿ ವರ್ಷ ಮಳೆಗೆ ಮುಂಚೆ ಒಡೆದ ಹೆಂಚು ಬದಲಾಯಿಸಿ, ಪಕಾಸಿಗೆ (ಹೆಂಚಿನ ಕೆಳಗಿನ ಮರದ ಪಟ್ಟಿ) ಗೆದ್ದಲು ಹಿಡಿದಿದ್ಯಾ ನೋಡಿದ್ರೆ ಸಾಕು.

ಓಡಾಟಕ್ಕೆ ಪಂಚಗಂಗಾ ರೈಲು, ಬೆಂಗಳೂರಲ್ಲಿ ಸಂಜೆ ಹತ್ತಿದ್ರೆ ಬೆಳಿಗ್ಗೆ ಊರಲ್ಲಿ. ವೀಕೆಂಡಿಗೆ ಟಿಕೆಟ್ ಸಿಗೋದು ಕಷ್ಟ, ನಾವು ಮಂಗಳವಾರ ಬುಧವಾರ ನೋಡ್ಕೊಂಡು ಹೋಗ್ತೀವಿ. ನಾವಿಲ್ಲದಾಗ ಪಕ್ಕದ ಮನೆ ಅಕ್ಕನ ಹತ್ರ ಕೀ ಇರುತ್ತೆ, ಅವರು ಕಿಟಕಿ ತೆಗೆದು ಗಾಳಿ ಆಡಿಸ್ತಾರೆ, ಉದುರಿದ ಕಾಯಿ ಅವರೇ ತಗೋತಾರೆ.