ಬಿಳಿ ಕಲ್ಲು ಸಿಕ್ಕಿದರೆ ಮೊದಲು ಗೀರಿ ನೋಡಿ

ಬಿಳಿ ಕಲ್ಲಿನ ಫೋಟೋ ಹಾಕಿ "ಇದು ಯಾವ ಕಲ್ಲು?" ಅಂತ ತುಂಬಾ ಜನ ಕೇಳುತ್ತಾರೆ. ಬಣ್ಣ ನೋಡಿ ಹೇಳುವುದು ಕಷ್ಟ. ಬೆಣಚುಕಲ್ಲೂ ಬಿಳಿ, ಸುಣ್ಣಕಲ್ಲಿನಲ್ಲಿರುವ ಕ್ಯಾಲ್ಸೈಟ್ ಎಂಬ ಖನಿಜವೂ ಬಿಳಿ. ಸುಮ್ನೆ ಒಂದು ಹಳೆಯ ಸ್ಟೀಲ್ ಚಾಕು ತೆಗೆದುಕೊಳ್ಳಿ.

ಚಾಕುವಿನ ತುದಿಯಿಂದ ಕಲ್ಲಿನ ಮೇಲೆ ಗಟ್ಟಿಯಾಗಿ ಒಂದು ಗೀರು ಎಳೆಯಿರಿ. ಆಮೇಲೆ ಒದ್ದೆ ಬೆರಳಿನಿಂದ ಉಜ್ಜಿ. ಇದನ್ನು ಮರೆಯಬೇಡಿ, ನಾನೇ ಎಷ್ಟೋ ಸಲ ಇಲ್ಲಿ ಮೋಸ ಹೋಗಿದ್ದೇನೆ! ಗೀರು ಅಳಿಸಿಹೋದರೆ ಸವೆದದ್ದು ಕಲ್ಲಲ್ಲ, ಚಾಕು. ಬೂದು ಬಣ್ಣದ ಆ ಗೆರೆ ಲೋಹದ ಪುಡಿ ಅಷ್ಟೇ. ಹಾಗಾದರೆ ಅದು ಬೆಣಚುಕಲ್ಲು ಇರಬಹುದು. ಉಗುರಿಗೆ ತಾಗುವಷ್ಟು ಗೀರು ಬಿದ್ದರೆ ಕ್ಯಾಲ್ಸೈಟ್ ಇರಬಹುದು.

1812ರಲ್ಲಿ ಖನಿಜತಜ್ಞ ಫ್ರೆಡ್ರಿಕ್ ಮೋಸ್ ಮಾಡಿದ ಗಡಸುತನದ ಪಟ್ಟಿಯಲ್ಲಿ ಕ್ಯಾಲ್ಸೈಟ್‌ಗೆ 3, ಬೆಣಚುಕಲ್ಲಿಗೆ 7. ಸಂಖ್ಯೆ ಹೆಚ್ಚಿದಷ್ಟೂ ಗಟ್ಟಿ. ಚಾಕು ಸುಮಾರು 5.5. ಅಂದರೆ ಚಾಕು ಎರಡರ ನಡುವೆ ಕೂತಿದೆ, ಅಲ್ವಾ?

ಅನುಮಾನ ಇನ್ನೂ ಉಳಿದರೆ ಗೀರಿದಾಗ ಬಂದ ಪುಡಿಯ ಮೇಲೆ ಒಂದು ಹನಿ ವಿನೆಗರ್ ಬಿಡಿ. ಕ್ಯಾಲ್ಸೈಟ್ ಆದರೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಅದು ಕಾರ್ಬನ್ ಡೈಆಕ್ಸೈಡ್. ವಿನೆಗರ್ ದುರ್ಬಲ ಆಮ್ಲ, ಹಾಗಾಗಿ ಗುಳ್ಳೆ ನಿಧಾನ. ಬೆಳಕಿಗೆ ಹಿಡಿದು, ಕಣ್ಣು ಹತ್ತಿರ ತಂದು ನೋಡಿ. ಬೆಣಚುಕಲ್ಲಿನ ಮೇಲೆ ಹನಿ ಹಾಗೇ ಕೂತಿರುತ್ತದೆ.

ಚೆನ್ನಾಗಿ ಹರಳುಗಟ್ಟಿದ ಕಲ್ಲಾದರೆ ಗೀರುವುದನ್ನು ಹಿಂಬದಿಯಲ್ಲಿ ಮಾಡಿ.