ಹರ್ಡಲ್ಸ್ ಓಡುತ್ತಿದ್ದ ನಾನು ಸೀರಿಯಲ್‌ನಲ್ಲಿ ಮಾರ್ಕ್ ಹಿಡಿದಿದ್ದು ಹೀಗೆ

"ನಿನ್ನ ನಡಿಗೆ ಸೊಸೆದಲ್ಲ, ಪೊಲೀಸಿನದು." ನನ್ನ ಮೊದಲ ಲುಕ್ ಟೆಸ್ಟ್‌ನಲ್ಲಿ ಕೇಳಿದ ಮಾತು ಇದು. ಈಗ ಮೂರನೇ ಸೀರಿಯಲ್, ಲೀಡ್ ಪಾತ್ರ, 400 ಚಿಲ್ಲರೆ ಎಪಿಸೋಡ್ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಎಂಟು ವರ್ಷ ಕಂಠೀರವ ಸ್ಟೇಡಿಯಂನಲ್ಲಿ 400 ಮೀಟರ್ ಹರ್ಡಲ್ಸ್ ಓಡಿದೆ. ಒಳ್ಳೆಯ ದಿನ 62 ಸೆಕೆಂಡ್ ಆಸುಪಾಸು. ಮೊಣಕಾಲು ಕೈಕೊಟ್ಟ ಮೇಲೆ ನಟನೆಗೆ ಬಂದೆ. ಓಟಗಾರ್ತಿ ಅಶ್ವಿನಿ ನಾಚಪ್ಪ 1991ರಲ್ಲೇ ತೆಲುಗು ಸಿನಿಮಾಕ್ಕೆ ನಾಯಕಿಯಾಗಿದ್ದರು ಅಂತ ಹೇಳಿ ಅಪ್ಪನನ್ನು ಒಪ್ಪಿಸಿದೆ.

ಮೊದಲ ವರ್ಷ ದಿನಕ್ಕೆ 1,500 ರೂಪಾಯಿ. ತಿಂಗಳಿಗೆ ಹತ್ತು ಹನ್ನೆರಡು ದಿನ ಕೆಲಸ, ದುಡ್ಡು ಕೈಗೆ ಬರುವುದು ಮೂರು ತಿಂಗಳಿಗೆ. ಸೀರೆ, ಬ್ಲೌಸ್ ಎಲ್ಲ ನಮ್ಮದೇ ಅಲ್ವಾ, ಅದಕ್ಕೇ ಸುಮಾರು 60,000 ಹೋಯಿತು. ಸ್ಕೂಟರ್ ಮಾರಿದೆ. ಐದು ತಿಂಗಳಿಗೆ ಆ ಸೀರಿಯಲ್ ನಿಂತಿತು. ಕೊನೆಯ 20,000 ಇವತ್ತಿಗೂ ಬಂದಿಲ್ಲ.

ನನಗೆ ಕಾಡಿದ್ದು ಮಾರ್ಕ್, ಅಂದರೆ ಶಾಟ್‌ನಲ್ಲಿ ನಟರು ಬಂದು ನಿಲ್ಲಬೇಕಾದ ಜಾಗಕ್ಕೆ ನೆಲದ ಮೇಲೆ ಅಂಟಿಸುವ ಟೇಪಿನ ಗುರುತು. ಟೇಪ್ ನೋಡಲು ಕಣ್ಣು ಕೆಳಗೆ ಹೋಗುತ್ತಿತ್ತು. ನೋಡದಿದ್ದರೆ ದಾಟಿ ನಿಲ್ಲುತ್ತಿದ್ದೆ, ಫೋಕಸ್ ಔಟ್. ಒಂದು ಆರತಿ ತಟ್ಟೆಯ ಶಾಟ್‌ಗೆ ಒಂಬತ್ತು ಟೇಕ್. 8,000 ಕೊಟ್ಟು ನಡಿಗೆ ಕ್ಲಾಸಿಗೆ ಸೇರಿದೆ. ಸುಮ್ನೆ ದಂಡ. ಇದ್ದ ನಡಿಗೆಯೂ ಕೆಟ್ಟಿತು.

ಒಂದು ರಾತ್ರಿ ಪ್ಯಾಕಪ್ ಆದ ಮೇಲೆ ಹೊಳೆಯಿತು. ಹರ್ಡಲ್‌ನಿಂದ ಹರ್ಡಲ್‌ಗೆ 35 ಮೀಟರ್, ನನ್ನದು 17 ಹೆಜ್ಜೆ. ಅಲ್ಲಿ ಯಾವತ್ತೂ ಕೆಳಗೆ ನೋಡಿದವಳಲ್ಲ. ಇಲ್ಲೇಕೆ ನೋಡಬೇಕು? ಮಾರನೇ ದಿನ ಅರ್ಧ ಗಂಟೆ ಮುಂಚೆ ಹೋದೆ. ಮಾರ್ಕ್ ಮೇಲೆ ನಿಂತು ಬಾಗಿಲವರೆಗೆ ಹಿಂದಕ್ಕೆ ಎಣಿಸಿದೆ. ಹೆಜ್ಜೆ ಎಷ್ಟು ಅನ್ನುವುದಕ್ಕಿಂತ ಯಾವ ಕಾಲಲ್ಲಿ ಮುಗಿಯುತ್ತದೆ ಅನ್ನುವುದು ಮುಖ್ಯ. ಸೋಫಾಗೆ 7, ಎಡಗಾಲು. ದೇವರ ಕೋಣೆಗೆ 11. ತುಳಸಿಕಟ್ಟೆಗೆ 14. ಎಲ್ಲ ಡೈರಿಗೆ ಬರೆದುಕೊಂಡೆ. ಸೀರೆ ಉಟ್ಟೇ ಎಣಿಸಬೇಕು, ಪ್ಯಾಂಟಿನಲ್ಲಿ ಎಣಿಸಿದರೆ ಲೆಕ್ಕ ತಪ್ಪುತ್ತದೆ. "ಇದು ಡ್ಯಾನ್ಸ್ ಅಲ್ಲಮ್ಮ" ಅಂತ ಅಸೋಸಿಯೇಟ್ ಡೈರೆಕ್ಟರ್ ನಕ್ಕರು. ಮೂರನೇ ವಾರ ಮೆಟ್ಟಿಲಿಳಿದು ಹಾಲ್ ದಾಟುವ ಉದ್ದ ಶಾಟ್ ಒಂದೇ ಟೇಕ್‌ಗೆ ಓಕೆ ಆಯಿತು. ಯೂನಿಟ್ ಚಪ್ಪಾಳೆ ಹೊಡೆಯಿತು. ಮೆಡಲ್ ತಗೊಂಡಾಗಲೂ ಅಷ್ಟು ಖುಷಿಯಾಗಿರಲಿಲ್ಲ.

ಪ್ರಾಂಪ್ಟಿಂಗ್, ಅಂದರೆ ಕ್ಯಾಮೆರಾ ಆಚೆಯಿಂದ ಡೈಲಾಗ್ ಹೇಳಿಕೊಡುವುದು, ಅದೂ ಹಾಗೇ ಸರಿಹೋಯಿತು. ಮೊದಲು ದನಿ ಬಂದ ಕಡೆ ಕಣ್ಣು ಓಡುತ್ತಿತ್ತು. ಸ್ಟಾರ್ಟಿಂಗ್ ಬ್ಲಾಕ್‌ನಲ್ಲಿ ನಾವು ಗನ್ ಕಡೆ ತಿರುಗಿ ನೋಡುತ್ತೇವಾ? ಕಿವಿ ಮಾತ್ರ ಅಲ್ಲಿರುತ್ತದೆ. ಅಷ್ಟೇ.

ಇನ್ನೊಂದು ಪ್ರಯೋಗವೂ ಮಾಡಿದೆ. ಜ್ಞಾನಭಾರತಿಯಲ್ಲಿ ಬೆಳಗ್ಗೆ ಜಾಗಿಂಗ್ ಮಾಡುತ್ತಾ ಡೈಲಾಗ್ ಬಾಯಿಪಾಠ. ಬೇಗ ಬಾಯಿಗೆ ಬರುತ್ತದೆ, ನಿಜ. ಆದರೆ ಸೆಟ್‌ನಲ್ಲಿ ಎಲ್ಲ ಮಾತೂ ಓಟದ ತಾಳಕ್ಕೇ ಬಂತು. ಬಿಟ್ಟೆ.

ಗ್ಲಿಸರಿನ್ ಬಿಟ್ಟು ಎರಡು ವರ್ಷವಾಯಿತು. 400ರ ಕೊನೆಯ 80 ಮೀಟರ್‌ನಲ್ಲಿ ಉಸಿರು ಏನಾಗುತ್ತದೆ ಅಂತ ಓಡಿದವರಿಗೆ ಗೊತ್ತು. ಅದರಿಂದಲೇ ಕಣ್ಣೀರು ತರುತ್ತೇನೆ. ಹೇಗೆ ಅನ್ನುವುದು ನನ್ನಲ್ಲೇ ಇರಲಿ, ನನ್ನ ಅನ್ನ ಅದು.

ಈಗ ದಿನಕ್ಕೆ ಎಂಟೊಂಬತ್ತು ಸಾವಿರ, ತಿಂಗಳಿಗೆ 18, 20 ದಿನ. ಹದಿಮೂರು ಗಂಟೆ ನಿಂತರೆ ಮೊಣಕಾಲು ಊದುತ್ತದೆ, ಮೇಕಪ್ ರೂಮಿನಲ್ಲಿ ಐಸ್ ಇಟ್ಟಿರುತ್ತೇನೆ. ಮುಂದಿನ ವಾರ ಶೂಟಿಂಗ್ ಕೆಂಗೇರಿ ಕಡೆಯ ಹೊಸ ಮನೆಗೆ ಹೋಗುತ್ತಿದೆ. ಅಲ್ಲಿ ಮೆಟ್ಟಿಲು ಎರಡು ಜಾಸ್ತಿ ಇವೆಯಂತೆ. ಭಾನುವಾರವೇ ಹೋಗಿ ಎಣಿಸಿ ಬರಬೇಕು.