ಎನ್‌ಪಿಎಸ್: ವಯಸ್ಸಿಗೆ ತಕ್ಕ ಹೂಡಿಕೆ ಆರಿಸುವುದು ಹೇಗೆ?

ಕೇಂದ್ರ ಸರ್ಕಾರಿ ನೌಕರರ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಖಾತೆಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟು ಪ್ರತಿ ತಿಂಗಳು ಹೋಗುತ್ತದೆ. ಸರ್ಕಾರ ಶೇ 14 ಸೇರಿಸುತ್ತದೆ. ಕಡಿತವಾದ ಮೊತ್ತ ವೇತನ ಚೀಟಿಯಲ್ಲಿ ಕಣ್ಣಿಗೆ ಬೀಳುತ್ತದೆ, ಆ ಹಣ ಎಲ್ಲಿ ಹೂಡಿಕೆಯಾಗಿದೆ ಎಂಬುದು ಬೀಳುವುದಿಲ್ಲ. ಆದ್ದರಿಂದ ಮೊದಲು ಪ್ರಾನ್ (ನಿಮ್ಮ ಶಾಶ್ವತ ಪಿಂಚಣಿ ಖಾತೆ ಸಂಖ್ಯೆ) ಬಳಸಿ ಖಾತೆಗೆ ಲಾಗಿನ್ ಆಗಿ ವಿವರಪಟ್ಟಿ ನೋಡಿ. ನೀವಾಗಿ ಏನನ್ನೂ ಆರಿಸಿರದಿದ್ದರೆ ಹಣ ಡೀಫಾಲ್ಟ್ ಯೋಜನೆಯಲ್ಲಿದ್ದು, ಎಸ್‌ಬಿಐ, ಎಲ್‌ಐಸಿ ಮತ್ತು ಯುಟಿಐ ನಿಧಿಗಳಲ್ಲಿ ಹಂಚಿರುತ್ತದೆ. ಅಲ್ಲಿ 27ರ ಹರೆಯದವರಿಗೂ 57 ದಾಟಿದವರಿಗೂ ಒಂದೇ ಅಳತೆ.

ಅದೇ ಪುಟದಲ್ಲಿ ಜನ್ಮದಿನಾಂಕ ಸರಿಯಿದೆಯೇ ಎಂದು ಖಚಿತಪಡಿಸಿಕೊಳ್ಳಿ. ವಯಸ್ಸಿಗೆ ತಕ್ಕಂತೆ ಹೂಡುವ ಲೈಫ್ ಸೈಕಲ್ (ಎಲ್‌ಸಿ) ನಿಧಿಗಳಲ್ಲಿ ಷೇರಿನ ಪಾಲು, ಅಂದರೆ ಷೇರುಗಳಲ್ಲಿ ಹೂಡುವ ಹಣದ ಪ್ರಮಾಣ, ಪ್ರತಿ ವರ್ಷ ನಿಮ್ಮ ಹುಟ್ಟಿದ ದಿನದಂದು ತಾನಾಗಿಯೇ ಬದಲಾಗುತ್ತದೆ. ದಿನಾಂಕ ತಪ್ಪಿದ್ದರೆ ಆ ಲೆಕ್ಕವೂ ತಪ್ಪುತ್ತದೆ.

ಮುಂದಿನ ಹೆಜ್ಜೆ, ನಿಧಿಯ ಆಯ್ಕೆ. ಇಲ್ಲಿ ಅವಸರ ಬೇಡ. ಎಲ್‌ಸಿ 25, ಎಲ್‌ಸಿ 50, ಎಲ್‌ಸಿ 75 ಎಂಬ ಹೆಸರಿನಲ್ಲಿರುವ ಅಂಕಿ 35 ವರ್ಷದವರೆಗಿನ ಷೇರಿನ ಪಾಲು ಮಾತ್ರ. ಅಲ್ಲಿಂದ ಅದು ಇಳಿಯುತ್ತ ಹೋಗಿ, 55ಕ್ಕೆ ಕ್ರಮವಾಗಿ ಶೇ 5, 10 ಮತ್ತು 15ಕ್ಕೆ ನಿಲ್ಲುತ್ತದೆ. ಬ್ಯಾಲೆನ್ಸ್ಡ್ ಲೈಫ್ ಸೈಕಲ್ ನಿಧಿಯ ದಾರಿ ಬೇರೆ: 45ರವರೆಗೆ ಶೇ 50, 55ಕ್ಕೆ ಶೇ 35. ಈ ನಿಧಿ ಮತ್ತು ಎಲ್‌ಸಿ 75 ಕೇಂದ್ರ ನೌಕರರಿಗೆ ಸಿಕ್ಕಿದ್ದು 2025ರಲ್ಲಿ.

ನಿಮಗೆ ಈಗ 45 ಎಂದುಕೊಳ್ಳಿ. ಎಲ್‌ಸಿ 50ರಲ್ಲಿ ವರ್ಷಕ್ಕೆ ಶೇ 2ರಂತೆ ಇಳಿದು ಷೇರು ಶೇ 30ಕ್ಕೆ ಬಂದಿರುತ್ತದೆ. ಎಲ್‌ಸಿ 75ರಲ್ಲಿ ಶೇ 35. ಬ್ಯಾಲೆನ್ಸ್ಡ್ ನಿಧಿಯಲ್ಲಿ ಇನ್ನೂ ಶೇ 50! ‘75’ ಎಂದರೆ ಹೆಚ್ಚು ಅಪಾಯ, ‘ಬ್ಯಾಲೆನ್ಸ್ಡ್’ ಎಂದರೆ ಕಡಿಮೆ ಎಂದು ಹೆಸರು ನೋಡಿ ನಂಬಿದವರು ಈ ವಯಸ್ಸಿನಲ್ಲಿ ಪೂರ್ತಿ ತಪ್ಪು ಎಣಿಸಿರುತ್ತಾರೆ. ಹಾಗಾಗಿ ಪ್ರತಿ ನಿಧಿಯಲ್ಲಿ ನಿಮ್ಮ ಇಂದಿನ ವಯಸ್ಸಿಗೆ ಮತ್ತು 55ಕ್ಕೆ ಇರುವ ಷೇರಿನ ಪಾಲು, ಎರಡನ್ನೂ ಕಾಗದದ ಮೇಲೆ ಬರೆದುಕೊಂಡು ಹೋಲಿಸಿ. ಕಳೆದ ವರ್ಷದ ಲಾಭದ ಪಟ್ಟಿಗಿಂತ ಇದು ಎಷ್ಟೋ ಉಪಯುಕ್ತ.

ನಿವೃತ್ತಿಯಾದಾಗ ಸಾಮಾನ್ಯವಾಗಿ ಕನಿಷ್ಠ ಶೇ 40ರಷ್ಟು ಹಣದಿಂದ ಆನ್ಯುಟಿ (ನಿಯಮಿತವಾಗಿ ಪಿಂಚಣಿ ಕೊಡುವ ವಿಮಾ ಯೋಜನೆ) ಕೊಳ್ಳಬೇಕು. ಆ ಹೊತ್ತಿಗೆ ಮಾರುಕಟ್ಟೆ ಕುಸಿದಿದ್ದರೆ ಕೈಗೆ ಬರುವ ಹಣವೂ ತಿಂಗಳ ಪಿಂಚಣಿಯೂ ಒಟ್ಟಿಗೇ ಕುಗ್ಗುತ್ತವೆ. ಬೇರೆ ಉಳಿತಾಯ ಇಲ್ಲದವರು, ಮಕ್ಕಳ ಓದು, ಮನೆ ಸಾಲ ಇನ್ನೂ ಮುಗಿಯದವರು ಬ್ಯಾಲೆನ್ಸ್ಡ್ ನಿಧಿಯ ಶೇ 35ರ ಬಗ್ಗೆ ಎರಡು ಬಾರಿ ಯೋಚಿಸಬೇಕು. ಮೂವತ್ತರ ಆಸುಪಾಸಿನವರು ಎಲ್‌ಸಿ 25 ಹಿಡಿದು ಕೂರುವುದೂ ನನಗೆ ಒಪ್ಪಿಗೆಯಿಲ್ಲ. ಮುಂದೆ ಮೂರು ದಶಕಗಳ ಬೆಲೆಯೇರಿಕೆ ಕಾದಿದೆ.

ಎನ್‌ಪಿಎಸ್‌ ಬಿಟ್ಟು ಯುಪಿಎಸ್‌ಗೆ (ಖಾತರಿ ಪಿಂಚಣಿಯ ಏಕೀಕೃತ ಪಿಂಚಣಿ ಯೋಜನೆ) ಹೋದವರಿಗೆ ಬೇರೊಂದು ಲೆಕ್ಕವಿದೆ. ಡೀಫಾಲ್ಟ್ ಮಾದರಿಯಲ್ಲೇ ಹೂಡಿದ್ದರೆ ಎಷ್ಟಾಗುತ್ತಿತ್ತೋ ಅದೇ ಅಲ್ಲಿ ಮಾನದಂಡ. ನಿಮ್ಮ ಆಯ್ಕೆಯ ನಿಧಿ ಅದಕ್ಕಿಂತ ಹಿಂದೆ ಬಿದ್ದು, ಕೊರತೆಯನ್ನು ನೀವು ತುಂಬದಿದ್ದರೆ ಖಾತರಿ ಪಿಂಚಣಿ ಅದೇ ಪ್ರಮಾಣದಲ್ಲಿ ಇಳಿಯುತ್ತದೆ.

ಕೊನೆಗೆ ಪಿಂಚಣಿ ನಿಧಿ ಸಂಸ್ಥೆಯನ್ನು ಆರಿಸಿ (ಇದನ್ನು ವರ್ಷಕ್ಕೊಮ್ಮೆ ಬದಲಿಸಬಹುದು), ಮೊಬೈಲಿಗೆ ಬರುವ ಒಟಿಪಿ ಹಾಕಿ ದೃಢಪಡಿಸಿ. ಮುಂದಿನ ವಂತಿಗೆ ಜಮೆಯಾದ ಮೇಲೆ ವಿವರಪಟ್ಟಿಯನ್ನು ಮತ್ತೆ ತೆರೆದು, ಷೇರಿನ ಪಾಲು ನೀವು ಕಾಗದದ ಮೇಲೆ ಬರೆದುಕೊಂಡ ಅಂಕಿಗೆ ಹೊಂದುತ್ತದೆಯೇ ನೋಡಿ.